ತಾಡಪಾಲಿನಡಿ ನಾಲ್ಕು ವರ್ಷ

ನವೆಂಬರ್ 9, 2014

ಲೈಲ್,

ನಾನು ಒಳಗೆ ಬಂದು ಇಷ್ಟು ವರ್ಷವಾದರೂ ನಿನ್ನಿಂದ ಒಂದು ಕಾಗದವಿಲ್ಲ. ಒಳ್ಳೆಯದೇ ಆಯಿತು. ಇಲ್ಲಿ ಬರುವ ಕಾಗದವನ್ನು ಜೈಲಿನವರು ಒಡೆದು ಸುಮ್ಮನೆ ಕಣ್ಣಾಡಿಸುತ್ತಾರೆ. ನಿನ್ನ ಕಾಗುಣಿತ ನೋಡಿ ನಕ್ಕಿರುತ್ತಿದ್ದರು.

ವಿಷಯ ಇಷ್ಟು. ಜೂನ್ ಹನ್ನೊಂದಕ್ಕೆ ನನ್ನನ್ನು ಪೆರೋಲ್ ಮೇಲೆ ಬಿಡುತ್ತಾರಂತೆ. ಅದಕ್ಕೆ ಹೊರಗೆ ಯಾರಾದರೂ ಒಬ್ಬರು 'ಇವನನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ' ಎಂದು ವಿಳಾಸ ಕೊಟ್ಟು ಸಹಿ ಹಾಕಬೇಕು. ಅಪ್ಪ ಇಲ್ಲ, ಅಮ್ಮ ಇಲ್ಲ, ಉಳಿದಿರುವ ತಮ್ಮ ನೀನೊಬ್ಬ. ಹೆದರಬೇಡ ಮರಿ. ನಿನ್ನ ಮನೆಯಲ್ಲಿ ನಾನು ಮಲಗುವುದಿಲ್ಲ. ವಿಳಾಸ ಕಾಗದದ ಮೇಲಿದ್ದರೆ ಸಾಕು. ನಾನು ಎಲ್ವಿಯಲ್ಲಿ ಇರುತ್ತೇನೆ.

ಹೌದು, ಎಲ್ವಿಯಲ್ಲಿ. ಅಪ್ಪ ತಂದು ಅಮ್ಮನ ಹೆಸರಿಟ್ಟ ಇಪ್ಪತ್ತೆರಡು ಅಡಿಯ ಹಾಯಿದೋಣಿ ನಿನ್ನ ಕೊಟ್ಟಿಗೆಯಲ್ಲಿ ಟ್ರೇಲರ್ ಮೇಲೆ ಕೂತಿದೆ ತಾನೆ? ಈ ಚಳಿಗಾಲದಲ್ಲಿ ಅದನ್ನು ಸರಿಮಾಡು. ಜೂನಿನಲ್ಲಿ ಪಿಕಪ್‌ಗೆ ಕಟ್ಟಿಕೊಂಡು ಉತ್ತರಕ್ಕೆ ಹೋಗಿ ಲೆ ಶೆನೋ ದ್ವೀಪಗಳ ಹತ್ತಿರ ನೀರಿಗಿಳಿಸುತ್ತೇನೆ. ಬೇಸಿಗೆಯೆಲ್ಲ ಅಲ್ಲೇ, ಒಂದು ಕೊಲ್ಲಿಯಿಂದ ಇನ್ನೊಂದು ಕೊಲ್ಲಿಗೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಆ ದೋಣಿಯನ್ನು ಮುಟ್ಟುವುದು ನಿನಗೆ ಕಷ್ಟ ಅಂತ ಗೊತ್ತು. ಬ್ರಿನ್ ನಿನಗೆ ಮಗಳು, ನನಗೆ ಮಾತ್ರ ಏನೂ ಅಲ್ಲವೆ? ನಾನು ಕುಡಿದು ಚುಕ್ಕಾಣಿ ಹಿಡಿದಿದ್ದೆ, ಅದಕ್ಕೆ ಇಲ್ಲಿದ್ದೇನೆ. ಬೋಲ್ಟಿನ ತಪ್ಪು ನಿನ್ನದು. ದೋಣಿ ಮಗುಚದಂತೆ ಅಡಿಯಲ್ಲಿ ಇಳಿಬಿಡುವ ಕೀಲ್ ಹಲಗೆಯನ್ನು ಹಿಡಿದು ನಿಲ್ಲಿಸುವ ಬೋಲ್ಟ್ ಸವೆದಿದೆ, ಬದಲಿಸು ಎಂದು ಆ ವಸಂತದಲ್ಲೇ ಹೇಳಿದ್ದೆ. ನೀನು ಮರೆತೆ. ಗಾಳಿ ಹೊಡೆದಾಗ ಅದು ಮುರಿಯಿತು, ಐನೂರು ಪೌಂಡಿನ ಕಬ್ಬಿಣದ ಹಲಗೆ ಮಡಚಿಕೊಂಡು ಒಳಗೆ ಹೋಯಿತು, ದೋಣಿ ಮಗುಚಿತು, ಬ್ರಿನ್ ಕ್ಯಾಬಿನ್ನಿನಲ್ಲೇ ಮುಳುಗಿದಳು. ಕೋರ್ಟಿನಲ್ಲಿ ನೀನೇ ಎದ್ದು ನಿಂತು ಒಪ್ಪಿಕೊಂಡೆ. ಹದಿನೈದು ವರ್ಷ ಆಗಬೇಕಿದ್ದ ಶಿಕ್ಷೆ ಐದರೊಳಗೆ ಬಂತು. ನಿನ್ನನ್ನು ಯಾವತ್ತೋ ಕ್ಷಮಿಸಿದ್ದೇನೆ. ಅದನ್ನು ಹೇಳುವುದಕ್ಕೂ ಈ ಕಾಗದ.

ಸಹಿ ಹಾಕಿ ಬೇಗ ಕಳಿಸು.

ನಿನ್ನ ಅಣ್ಣ,
ಡ್ವೇನ್


ಡಿಸೆಂಬರ್ 3, 2014
ಪೋರ್ಟ್ ಆಲ್ಡರ್

ಡ್ವೇನ್,

ಸಹಿ ಹಾಕಿ ಕಳಿಸಿದ್ದೇನೆ. ದೋಣಿಯನ್ನೂ ಸರಿಮಾಡುತ್ತೇನೆ. ನಿನ್ನ ಮೇಲಿನ ಪ್ರೀತಿಗೆ ಅಂದುಕೊಳ್ಳಬೇಡ. ನಾನು ಕೆಡಿಸಿದ್ದನ್ನು ನಾನೇ ಸರಿಮಾಡಬೇಕು ಅನ್ನಿಸಿತು, ಅಷ್ಟೇ.

ಭಾನುವಾರ ತಾಡಪಾಲು ತೆಗೆದೆ. ಅದನ್ನು ಹೊದಿಸಿದ ಮೇಲೆ ಒಂದು ಸಲವೂ ಎತ್ತಿ ನೋಡಿರಲಿಲ್ಲ. ಚಳಿಗೆ ತಗಡಿನ ಹಾಗೆ ಸೆಟೆದುಕೊಂಡಿತ್ತು. ದೊಡ್ಡ ಹಾಯಿಯೊಳಗೆ ಇಲಿಗಳು ಸಂಸಾರ ಮಾಡಿವೆ. ಟ್ರೇಲರಿನ ಎರಡೂ ಟೈರು ಸೀಳಿವೆ. ಡೆಕ್ ಮೇಲೆ ಕಾಲಿಟ್ಟರೆ ಒದ್ದೆ ಬ್ರೆಡ್ ತುಳಿದ ಹಾಗೆ ಕುಸಿಯುತ್ತದೆ. ಕ್ಯಾಬಿನ್ ಬಾಗಿಲ ಹಲಗೆ ತೆಗೆದು ತಲೆ ಒಳಗೆ ಹಾಕಿದೆ. ಹೊರಗೆ ತೆಗೆದೆ. ಆ ದಿನಕ್ಕೆ ಅಷ್ಟೇ ಆಯಿತು.

ಮರುದಿನ ಎಪಾಕ್ಸಿ ಅಂಟು ತರಲು ಪೇಟೆಗೆ ಹೋದವನು ಹೋಟೆಲಿಗೆ ಹೋದೆ. ಜಿಂಕೆ ಬೇಟೆ ಮುಗಿಸಿದ ಗಂಡಸರೆಲ್ಲ ಕೂತಿದ್ದರು. ಡಬ್ಬವನ್ನು ಮೇಜಿನ ಮೇಲೆ ಇಟ್ಟದ್ದೇ ತಪ್ಪಾಯಿತು.

"ಏನ್ ಲೈಲ್, ದೋಣಿ ರಿಪೇರಿನಾ?" ಎಂದ ಒಬ್ಬ.

"ಹೂಂ."

"ಒಳ್ಳೇದಾಯ್ತು ಬಿಡು. ಈ ಸಲ ಬೋಲ್ಟ್ ಮರೀಬೇಡಪ್ಪ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಕಾಫಿ ತಂದ ಹುಡುಗಿ ಆ ಸಾಲಿನ ಎಲ್ಲರ ಕಪ್ಪಿಗೂ ಸುರಿದುಕೊಂಡು ಬಂದಳು, ನನ್ನದನ್ನು ಬಿಟ್ಟು ಮುಂದಕ್ಕೆ ಹೋದಳು. ಈ ಊರಿನಲ್ಲಿ ನಾನು ಬದುಕುತ್ತಿರುವುದು ಹೀಗೆ. ನೀನು ಗೋಡೆಯ ಒಳಗಿದ್ದೀಯ, ನಿನಗೆ ಇದೆಲ್ಲ ಇಲ್ಲ.

ಕಾರ್ಲಾ ಬಿಟ್ಟುಹೋಗಿ ಮೂರು ವರ್ಷವಾಯಿತು. ಅಲ್ಪೀನಾದಲ್ಲಿದ್ದಾಳೆ, ಫೋನ್ ಎತ್ತುವುದಿಲ್ಲ. ಹೋಗುವ ದಿನ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದಳು. "ಬೋಲ್ಟ್ ಬದಲಿಸು ಅಂತ ಡ್ವೇನ್ ಹೇಳಿದ್ದು ನಿಂಗೆ ನಿಜವಾಗ್ಲೂ ನೆನಪಿದ್ಯಾ?" ನೆನಪಿದೆ ಎಂದೆ. ಕಾರು ಹತ್ತಿದಳು. ಮಗಳನ್ನು ಕೊಂದವನ ಜೊತೆ ಯಾವ ಹೆಂಡತಿ ಇರುತ್ತಾಳೆ.

ಡೆಕ್‌ನ ಕೆಲಸಕ್ಕೆ ಏನು ಮಾಡಲಿ, ಬರೆ.

ಲೈಲ್


ಡಿಸೆಂಬರ್ 22, 2014

ಮರಿ,

ಹೋಟೆಲಿನ ಕಥೆ ಬರೆದು ನನ್ನಿಂದ ಕಣ್ಣೀರು ತರಿಸಬೇಡ. ನನ್ನ ಸೆಲ್ಲಿನಲ್ಲಿ ಇರುವವನು ಊಟ ಮಾಡುವಾಗ ತಟ್ಟೆಯ ಜೊತೆ ಮಾತಾಡುತ್ತಾನೆ. ಒಬ್ಬಳು ಕಾಫಿ ಹಾಕಲಿಲ್ಲವಂತೆ.

ಡೆಕ್ ವಿಷಯ ಕೇಳು. ಮೇಲಿನ ಫೈಬರ್ ಪದರವನ್ನು ಮಾತ್ರ ಕೊಯ್ದು ಎತ್ತು. ಕೆಳಗೆ ಮರದ ತಿರುಳು ಕಪ್ಪಗೆ ಕೊಳೆತಿರುತ್ತದೆ, ಎಲ್ಲವನ್ನೂ ಕೆರೆದು ತೆಗೆ. ಒಣ ಮರ ಸಿಗುವ ತನಕ ಕೆರೆ. ಅರ್ಧಕ್ಕೆ ನಿಲ್ಲಿಸುವುದು ನಿನ್ನ ಗುಣ, ಅದಕ್ಕೇ ಹೇಳುತ್ತಿದ್ದೇನೆ. ಆಮೇಲೆ ಹೊಸ ಮರ ಕೂರಿಸಿ ಎಪಾಕ್ಸಿ ಹಾಕು. ಚಳಿಯಲ್ಲಿ ಎಪಾಕ್ಸಿ ಗಟ್ಟಿಯಾಗುವುದಿಲ್ಲ, ಶಾಖದ ದೀಪ ಹಚ್ಚಿಡು. ಹಾಯಿಕಂಬಕ್ಕೆ ಕಟ್ಟುವ ತಂತಿಗಳ ಮೇಲೆ ಹತ್ತಿ ಉಜ್ಜಿಕೊಂಡು ಹೋಗು. ಹತ್ತಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಹರಿದಿದೆ ಅಂತ ಅರ್ಥ, ಆ ತಂತಿ ಬಿಸಾಕು.

ಕೀಲ್ ಹಲಗೆ ಚೆನ್ನಾಗಿದೆ. ಅದನ್ನು ಇಳಿಸುವ ಗೋಜಿಗೆ ಹೋಗಬೇಡ. ಅದು ಕೂರುವ ಪೆಟ್ಟಿಗೆಯೊಳಗೆ ಕೈಹಾಕಬೇಡ. ಹೊಸ ಬೋಲ್ಟ್ ತಂದು ಹಾಕು, ಮುಗಿಯಿತು.

ಕ್ರಿಸ್‌ಮಸ್ ಶುಭಾಶಯ. ನಿನ್ನ ಮನೆಯಲ್ಲಿ ಮರ ನಿಲ್ಲಿಸಿಲ್ಲ ಅಂದುಕೊಂಡಿದ್ದೇನೆ.

ಡ್ವೇನ್


ಫೆಬ್ರವರಿ 8, 2015

ಡ್ವೇನ್,

ಡೆಕ್ ಮುಗಿಯಿತು. ಹದಿನಾಲ್ಕು ಬಕೆಟ್ ಕೊಳೆ ಹೊರಗೆ ಹಾಕಿದೆ. ಈಗ ಮೇಲೆ ಕುಣಿದರೂ ಅಲ್ಲಾಡುವುದಿಲ್ಲ. ಕಿಟಕಿಗಳಿಗೆ ಹೊಸ ಗಾಜು, ಟ್ರೇಲರಿಗೆ ಹೊಸ ಟೈರು, ಚಕ್ರದ ಬೇರಿಂಗಿಗೆ ಹೊಸ ಗ್ರೀಸು. ಕೆಲಸ ಮಾಡುತ್ತಿದ್ದರೆ ಹೊತ್ತು ಹೋಗುತ್ತದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಹಸಿವಾಗುತ್ತಿದೆ.

ನೀನು ಬೇಡ ಅಂದರೂ ಕೀಲ್ ಹಲಗೆ ಇಳಿಸಿದೆ. ಪಕ್ಕದ ಹೊಲದ ಹರ್ಬ್ ಲಿಂಡ್‌ಕ್ವಿಸ್ಟ್ ಬಂದಿದ್ದ. ಅವನು ನಲವತ್ತು ವರ್ಷ ಹಡಗುಕಟ್ಟೆಯಲ್ಲಿ ಕಬ್ಬಿಣದ ಕೆಲಸ ಮಾಡಿದವನು ಅಂತ ನಿನಗೆ ಗೊತ್ತು. ದೋಣಿಯನ್ನು ಜ್ಯಾಕ್ ಕೊಟ್ಟು ಎತ್ತಿ, ಹಲಗೆಯನ್ನು ಹಳೆಯ ಹಾಸಿಗೆಯ ಮೇಲೆ ಇಳಿಸಿದೆವು. ಹರ್ಬ್ ಟಾರ್ಚ್ ಹಿಡಿದು ಪೆಟ್ಟಿಗೆಯೊಳಗೆ ಬಹಳ ಹೊತ್ತು ನೋಡಿದ. ಬೋಲ್ಟ್ ತೂರುವ ತೂತುಗಳಿಗೆ ಬೆರಳು ಹಾಕಿ ತಿರುಗಿಸಿದ.

"ಇಲ್ಲಿ ಬೋಲ್ಟ್ ಮುರೀತು ಅಂತ ಯಾರ್ ಹೇಳಿದ್ದು?"

"ಡ್ವೇನ್."

"ಐನೂರು ಪೌಂಡ್ ಹಲಗೆ ಬಂದು ಬಡಿದು ಬೋಲ್ಟ್ ಮುರಿದ್ರೆ ತೂತಿನ ಬಾಯಿ ಹರಿದುಹೋಗುತ್ತೆ ಕಣಯ್ಯಾ. ಇದು ನೋಡು, ಉಂಗುರ ಇದ್ದ ಹಾಗಿದೆ. ಹಲಗೆಯ ತೂತೂ ಅಷ್ಟೇ."

ಆಮೇಲೆ ಟಾರ್ಚ್ ಆರಿಸಿದ. ಕೈ ಒರೆಸಿಕೊಂಡು, ಟೋಪಿ ಹಾಕಿಕೊಂಡು ಮನೆಗೆ ಹೋದ.

ಮುರಿದ ಬೋಲ್ಟಿನ ತುಂಡು ಎಲ್ಲಿ ಹೋಯಿತು ಡ್ವೇನ್? ಒಂದು ತುಂಡಾದರೂ ಒಳಗೆ ಸಿಕ್ಕಿಕೊಂಡಿರಬೇಕಿತ್ತು.

ಲೈಲ್


ಫೆಬ್ರವರಿ 25, 2015

ಮರಿ,

ಹರ್ಬ್‌ನ ವಯಸ್ಸೆಷ್ಟು ಈಗ, ಎಂಬತ್ತೆ? ಅವನು ಟಾರ್ಚ್ ಹಿಡಿದದ್ದು ಸರಿಯಾದ ತುದಿಯಿಂದಲೇ ಅಲ್ಲವೆ?

ತುಂಡು ಸರೋವರದ ತಳದಲ್ಲಿದೆ. ಹೋಗಿ ಹುಡುಕು.

ಲಂಗರಿಗೆ ಬರೀ ಹಗ್ಗ ಸಾಲದು, ಮೂವತ್ತು ಅಡಿ ಸರಪಳಿ ಬೇಕು. ದ್ವೀಪಗಳ ಹತ್ತಿರ ತಳದಲ್ಲಿ ಕಳೆ ಜಾಸ್ತಿ, ಹಗುರ ಲಂಗರು ಕಚ್ಚುವುದಿಲ್ಲ. ಸ್ಪಿರಿಟ್ ಒಲೆ ಇಡು, ಗ್ಯಾಸ್ ಬೇಡ. ನೀರಿಗೆ ಐದು ಗ್ಯಾಲನ್ನಿನ ಎರಡು ಕ್ಯಾನ್. ನಾನು ಹೋಗಬೇಕೆಂದಿರುವ ಕೊಲ್ಲಿಗಳ ಪಟ್ಟಿ ಹಿಂಬದಿಯಲ್ಲಿ ಬರೆದಿದ್ದೇನೆ, ಪಶ್ಚಿಮದ ಗಾಳಿಗೆ ಯಾವುದು, ದಕ್ಷಿಣದ ಗಾಳಿಗೆ ಯಾವುದು ಅಂತ. ಇಲ್ಲಿ ಮಲಗಿ ಅವನ್ನೇ ಒಂದೊಂದಾಗಿ ನೆನೆಯುತ್ತೇನೆ.

ಹಲಗೆಯನ್ನು ಮತ್ತೆ ಕೂರಿಸು. ಪೆಟ್ಟಿಗೆಯ ಚಿಂತೆ ಬಿಡು.

ಡ್ವೇನ್


ಮಾರ್ಚ್ 15, 2015

ಡ್ವೇನ್,

ಸರೋವರಕ್ಕೆ ಹೋಗಬೇಕಾಗಲಿಲ್ಲ.

ಇವತ್ತು ಕ್ಯಾಬಿನ್ನಿನ ಹಳೆಯ ಮೆತ್ತೆಗಳನ್ನು ಬಿಸಾಡಲು ತೆಗೆಯುತ್ತಿದ್ದೆ. ಎಡಗಡೆಯದು, ಹಲಗೆ ಪೆಟ್ಟಿಗೆಗೆ ತಾಗಿಕೊಂಡಿರುವುದು, ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅವಳು ಸಿಕ್ಕಿದ್ದು ಅಲ್ಲಿ. ಮೆತ್ತೆಯ ತಲೆಭಾಗ ಗೋಡೆಗೆ ಸೇರುವ ಸಂದಿಯಲ್ಲಿ ಒಂದು ಕೈಗವಸು ತುರುಕಿತ್ತು. ನಿನ್ನದು, ಹಳದಿ ಚರ್ಮದ್ದು, ಹೆಬ್ಬೆರಳಿಗೆ ಅಮ್ಮ ಹೊಲಿಗೆ ಹಾಕಿಕೊಟ್ಟದ್ದು. ಒಳಗೆ ಬೋಲ್ಟ್ ಇತ್ತು. ಇಡೀ ಬೋಲ್ಟ್, ನಟ್ಟು ಸಮೇತ. ಸುರುಳಿಯಲ್ಲಿ ನಾನು ಆ ವಸಂತದಲ್ಲಿ ಹಚ್ಚಿದ ಗ್ರೀಸು ಹಾಗೇ ಇದೆ.

ಅದು ಮುರಿಯಲಿಲ್ಲ. ಸವೆದೂ ಇರಲಿಲ್ಲ. ಅದನ್ನು ಹಾಕಿರಲೇ ಇಲ್ಲ.

ನೀನು ಹೇಳಿದ್ದನ್ನು ನೆನಪಿಸಿಕೊಳ್ಳಲು ನಾನು ನಾಲ್ಕು ವರ್ಷ ಪ್ರಯತ್ನ ಪಟ್ಟಿದ್ದೇನೆ. ಎಲ್ಲಿ ನಿಂತು ಹೇಳಿದೆ, ನಾನು ಏನು ಮಾಡುತ್ತಿದ್ದೆ, ನನ್ನ ಕೈಯಲ್ಲಿ ಏನಿತ್ತು. ಒಂದೂ ಸಿಗುತ್ತಿರಲಿಲ್ಲ. ನನ್ನ ತಲೆಯೇ ಕೆಟ್ಟಿದೆ ಅಂದುಕೊಂಡಿದ್ದೆ.

ನಿನ್ನಿಂದ ನನಗೆ ಒಂದೇ ಒಂದು ಬೇಕು. ಕಾರ್ಲಾಗೆ ಬರೆ. ನಿನ್ನ ಕೈಯಿಂದಲೇ, ಇದ್ದದ್ದು ಇದ್ದ ಹಾಗೆ. ಊರಿನವರು ಏನಾದರೂ ಅಂದುಕೊಳ್ಳಲಿ, ಕೋರ್ಟೂ ಬೇಡ. ಅವಳೊಬ್ಬಳಿಗೆ ಗೊತ್ತಾಗಲಿ, ನಾನಲ್ಲ ಅಂತ. ಬರೆಯದಿದ್ದರೆ ನನ್ನ ಸಹಿ ವಾಪಸ್ ತೆಗೆದುಕೊಳ್ಳುತ್ತೇನೆ. ಜೂನ್ ಹನ್ನೊಂದರ ಬೆಳಿಗ್ಗೆ ನೀನು ಅಲ್ಲೇ ಎದ್ದು ಅಲ್ಲೇ ಹಲ್ಲುಜ್ಜು.

ಲೈಲ್


ಏಪ್ರಿಲ್ 2, 2015

ಲೈಲ್,

ಸರಿ. ಕೇಳು.

ಬಂದರಿನ ಬಾಯಿಯ ಮರಳದಿಬ್ಬ ನಿನಗೆ ಗೊತ್ತು. ಎಲ್ಲರೂ ಸುತ್ತು ಹಾಕಿಕೊಂಡು ಹೋಗುತ್ತಾರೆ. ನಾನು ಯಾವತ್ತೂ ಹಾಕಿದವನಲ್ಲ. ಬೋಲ್ಟ್ ತೆಗೆದು, ಹಲಗೆ ಮೇಲೆತ್ತಿ, ದಿಬ್ಬದ ಮೇಲೆ ಜಾರಿಕೊಂಡು ದಾಟಿದೆ. ಆಚೆ ಹೋದ ಮೇಲೆ ಹಲಗೆ ಇಳಿಸಿದೆ. ಬೋಲ್ಟ್ ಮತ್ತೆ ಹಾಕಬೇಕಿತ್ತು. ಅಷ್ಟರಲ್ಲಿ ಬ್ರಿನ್ ಒಳಗೆ ಹೋಗಿ ಆ ಮೆತ್ತೆಯ ಮೇಲೆ ಮಲಗಿ ನಿದ್ದೆಹೋಗಿದ್ದಳು. ಬೋಲ್ಟ್ ಬಿಗಿಯಬೇಕೆಂದರೆ ಅವಳನ್ನು ಎಬ್ಬಿಸಬೇಕಿತ್ತು. ಗಾಳಿ ಮೆಲ್ಲಗೆ ಇತ್ತು. ಇರಲಿ, ಎದ್ದಾಗ ಹಾಕಿದರಾಯಿತು ಅಂದುಕೊಂಡೆ. ನನ್ನ ಕೈಯಲ್ಲಿ ಐದನೆಯದೋ ಆರನೆಯದೋ ಬಿಯರ್ ಇತ್ತು.

ಓದಿದೆಯಾ? ಈಗ ಸುಖವಾಯಿತೆ?

ಇನ್ನು ನಿನ್ನ ವಿಷಯ. ವಕೀಲ ಬೋಲ್ಟಿನ ಮಾತೆತ್ತಿದಾಗ ನಾನು ಒಂದು ಸುಳ್ಳು ಹೇಳಿದೆ. ಒಂದೇ ಒಂದು. ನೀನು 'ಹಾಗೆ ಹೇಳಿದ್ದು ನನಗೆ ನೆನಪಿಲ್ಲ' ಅನ್ನಬಹುದಿತ್ತು. ನಾನು ಅದಕ್ಕೆ ಸಿದ್ಧನಾಗಿದ್ದೆ. ನೀನು ಎದ್ದು ನಿಂತೆ, ನನ್ನ ಕಡೆ ನೋಡಿದೆ, ಹೌದು ಹೇಳಿದ್ದ, ನಾನು ಮರೆತೆ ಎಂದೆ. ಚಿಕ್ಕಂದಿನಿಂದಲೂ ನೀನು ಹೀಗೇ. ನಾನು ಕಿಟಕಿ ಒಡೆದರೆ ಅಪ್ಪನ ಮುಂದೆ ಕೈಯೊಡ್ಡುತ್ತಿದ್ದವನು ನೀನು. ಯಾರೂ ಕೇಳದಿದ್ದರೂ.

ಕಾರ್ಲಾಗೆ ನಾನು ಬರೆಯುವುದಿಲ್ಲ. ಯಾಕೆ ಅಂತ ಅವಳನ್ನೇ ಕೇಳು.

ಸಹಿ ಮಾತ್ರ ವಾಪಸ್ ತೆಗೆಯಬೇಡ. ಇಲ್ಲಿ ಇನ್ನೊಂದು ಚಳಿಗಾಲ ನನ್ನಿಂದ ಆಗುವುದಿಲ್ಲ. ಬೇಡಿಕೊಳ್ಳುತ್ತಿದ್ದೇನೆ ಅಂದುಕೋ.

ಡ್ವೇನ್


ಏಪ್ರಿಲ್ 12, 2015

ಕಾರ್ಲಾ,

ಲಕೋಟೆಯ ಮೇಲೆ ನನ್ನ ಹೆಸರು ನೋಡಿ ಒಲೆಗೆ ಹಾಕಬೇಡ. ಡ್ವೇನ್ ಬರೆದ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಮೊದಲು ಅದನ್ನು ಓದು.

ಓದಿದೆಯಾ? ಬೋಲ್ಟ್ ಸರಿಯಾಗಿತ್ತು. ನಾನು ಏನನ್ನೂ ಮರೆತಿರಲಿಲ್ಲ. ಅವನು ಹೇಳಿಯೇ ಇರಲಿಲ್ಲ. ಈಗ ದಿನವೂ ಬೆಳಿಗ್ಗೆ ಎದ್ದ ಕೂಡಲೇ ಇದನ್ನು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಆದರೂ ನಂಬಿಕೆ ಬರುವುದಿಲ್ಲ. ನೀನು ಒಂದು ಸಲ ಹೇಳಿದರೆ ಬರುತ್ತದೆ ಅನ್ನಿಸುತ್ತದೆ.

ವಾಪಸ್ ಬಾ ಅಂತ ಕೇಳುತ್ತಿಲ್ಲ. ಸುಳ್ಳು, ಕೇಳುತ್ತಿದ್ದೇನೆ. ಬರದಿದ್ದರೂ ಪರವಾಗಿಲ್ಲ. ಒಂದು ಭಾನುವಾರ ಬಂದು ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಹೋಗು. ಅವಳ ಬಗ್ಗೆ ಮಾತಾಡೋಣ. ಅವಳ ಹೆಸರನ್ನು ಈ ಮನೆಯಲ್ಲಿ ಗಟ್ಟಿಯಾಗಿ ಹೇಳಿ ಎಷ್ಟೋ ಕಾಲವಾಯಿತು. ಹೇಳುವ ಹಕ್ಕು ನನಗಿಲ್ಲ ಅಂದುಕೊಂಡಿದ್ದೆ.

ಲೈಲ್


ಮೇ 4, 2015
ಅಲ್ಪೀನಾ

ಲೈಲ್,

ನೀನು ಕಳಿಸಿದ ಕಾಗದದಲ್ಲಿ ನನಗೆ ಹೊಸದೇನೂ ಇರಲಿಲ್ಲ.

ಡ್ವೇನ್ ಒಳಗೆ ಹೋದ ಮೊದಲ ಚಳಿಗಾಲದಲ್ಲೇ ನನಗೆ ಬರೆದಿದ್ದ. ನಾಲ್ಕು ಹಾಳೆ. ದಿಬ್ಬ, ಬೋಲ್ಟ್, ಅವಳು ಮಲಗಿದ್ದು, ಎಲ್ಲ. ಲೈಲ್‌ಗೆ ಹೇಳಬೇಡ ಎಂದು ಬೇಡಿಕೊಂಡಿದ್ದ. ಅದನ್ನು ಓದಿ ಮೂರು ದಿನ ನಿನ್ನ ಎದುರು ಕೂತು ಊಟ ಮಾಡಿದೆ. ನಾಲ್ಕನೆಯ ದಿನ ಪೆಟ್ಟಿಗೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ನಿನ್ನನ್ನು ಕೇಳಿದೆ, ನಿಜವಾಗಲೂ ನೆನಪಿದೆಯಾ ಅಂತ. ಇಲ್ಲ ಎಂದಿದ್ದರೆ ಪೆಟ್ಟಿಗೆ ಕೆಳಗಿಡುತ್ತಿದ್ದೆ. ಅಲ್ಲೇ ಆ ಕಾಗದವನ್ನು ನಿನ್ನ ಕೈಗೆ ಕೊಡುತ್ತಿದ್ದೆ. ಅದು ನನ್ನ ಕೋಟಿನ ಜೇಬಿನಲ್ಲೇ ಇತ್ತು.

ನೀನು ನೆನಪಿದೆ ಎಂದೆ. ನನ್ನ ಕಣ್ಣು ನೋಡಿಕೊಂಡೇ.

ಅವನು ತನ್ನನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ. ಅದು ನನಗೆ ಅರ್ಥವಾಗುತ್ತದೆ, ಹೇಸಿಗೆಯಾದರೂ ಅರ್ಥವಾಗುತ್ತದೆ. ನೀನು ಯಾಕೆ ಹೇಳಿದೆ? ಅಣ್ಣನಿಗೆ ಶಿಕ್ಷೆ ಕಡಿಮೆಯಾಗಲಿ ಅಂತ. ಒಂಬತ್ತು ವರ್ಷದ ನನ್ನ ಮಗಳು ಹೇಗೆ ಸತ್ತಳು ಎನ್ನುವುದನ್ನು ಎತ್ತಿ ಅವನಿಗೆ ಉಡುಗೊರೆ ಕೊಟ್ಟೆ. ನನ್ನನ್ನು ಕೇಳಲಿಲ್ಲ.

ನೀನಾಗಿ ತಿಳಿದುಕೊಳ್ಳುತ್ತೀಯ ಎಂದು ಆಮೇಲೂ ಕಾದೆ. ದೋಣಿ ನಿನ್ನ ಕೊಟ್ಟಿಗೆಯಲ್ಲೇ ಇತ್ತು, ಅಡುಗೆಮನೆಯ ಕಿಟಕಿಯಿಂದ ಐವತ್ತು ಹೆಜ್ಜೆ. ಬೇರೆ ಯಾವ ತಂದೆಯಾದರೂ ಮೊದಲ ವಾರವೇ ಆ ತಾಡಪಾಲು ಎತ್ತಿ, ಆ ಹಲಗೆ ಪೆಟ್ಟಿಗೆಗೆ ಕೈ ಹಾಕಿ, ಏನು ಮುರಿದಿದೆ ಎಂದು ನೋಡುತ್ತಿದ್ದ. ನೀನು ನಾಲ್ಕು ವರ್ಷ ಎತ್ತಲಿಲ್ಲ. ಅವನು ಕಾಗದ ಬರೆದು ಎತ್ತು ಎಂದ ಮೇಲೆ ಎತ್ತಿದೆ.

ನೀನಲ್ಲ ಅಂತ ನಾನು ಒಂದು ಸಲ ಹೇಳಬೇಕಂತೆ. ಬೋಲ್ಟಿನ ಮಟ್ಟಿಗೆ ನೀನಲ್ಲ. ಇಷ್ಟೇ ನನ್ನಿಂದ ಆಗುವುದು.

ಕಾಫಿಗೆ ಬರುವುದಿಲ್ಲ. ಮತ್ತೆ ಬರೆಯಬೇಡ.

ಕಾರ್ಲಾ


ಜೂನ್ 4, 2015
ಪೋರ್ಟ್ ಆಲ್ಡರ್

ಡ್ವೇನ್,

ಏಪ್ರಿಲ್‌ನಿಂದ ನೀನು ಬರೆದ ನಾಲ್ಕು ಕಾಗದವೂ ತಲುಪಿವೆ. ಎಲ್ಲಕ್ಕೂ ಸೇರಿಸಿ ಒಂದೇ ಉತ್ತರ.

ಎಲ್ವಿ ಸಿದ್ಧವಾಯಿತು. ನೀನು ಹೇಳಿದ್ದೆಲ್ಲ ಮಾಡಿದ್ದೇನೆ. ಹೊಸ ತಂತಿ, ಸರಪಳಿ, ಸ್ಪಿರಿಟ್ ಒಲೆ, ನೀರಿನ ಕ್ಯಾನು, ಹೊಸ ಮೆತ್ತೆ. ನೀನು ಹೇಳದೆ ಬಿಟ್ಟ ಸಣ್ಣ ಸೋಲಾರ್ ಫಲಕವೂ ಇದೆ. ಕಳೆದ ಶನಿವಾರ ಹರ್ಬ್ ಜೊತೆ ಹೋಗಿ ನೀರಿಗಿಳಿಸಿದೆ. ಒಂದು ತೊಟ್ಟು ಒಳಗೆ ಬರಲಿಲ್ಲ. ಕಂಬ ನಿಲ್ಲಿಸಿ ಹಾಯಿ ಏರಿಸಿದಾಗ ಹರ್ಬ್ ಟೋಪಿ ತೆಗೆದ. "ನಿಮ್ಮಪ್ಪ ತಂದ ದಿನಾನೂ ಇಷ್ಟು ಚೆಂದ ಇರಲಿಲ್ಲ ಇದು," ಎಂದ.

ಅದೇ ಮಧ್ಯಾಹ್ನ ಓಹಾಯೋದ ಒಬ್ಬ ಮೇಷ್ಟ್ರಿಗೂ ಅವನ ಹೆಂಡತಿಗೂ ಅದನ್ನು ಕೊಟ್ಟುಬಿಟ್ಟೆ. ಒಳ್ಳೆಯ ಜನ. ಲೆ ಶೆನೋಗೇ ಹೋಗುತ್ತಾರಂತೆ. ಪಶ್ಚಿಮದ ಗಾಳಿಗೆ ಯಾವ ಕೊಲ್ಲಿ, ದಕ್ಷಿಣದ ಗಾಳಿಗೆ ಯಾವುದು ಎಂದು ನೀನು ಬರೆದ ಪಟ್ಟಿಯನ್ನು ಅವರಿಗೆ ಕೊಟ್ಟೆ. ಬಹಳ ಖುಷಿಪಟ್ಟರು. "ಇಷ್ಟು ಚೆನ್ನಾಗಿ ಗೊತ್ತಿರೋರು ಯಾರು ಇದನ್ನ ಬರೆದದ್ದು?" ಎಂದು ಕೇಳಿದಳು ಆಕೆ. ನಮ್ಮಣ್ಣ, ಅವನಿಗೆ ಇನ್ನು ಬೇಕಾಗುವುದಿಲ್ಲ ಎಂದೆ.

ಸಹಿ ವಾಪಸ್ ತೆಗೆದುಕೊಂಡಿಲ್ಲ. ಇನ್ನು ಮೇಲೆ ಬೇಡಿಕೊಳ್ಳುವುದು ನಿಲ್ಲಿಸು. ನಿನ್ನ ಪೆರೋಲ್ ಅಧಿಕಾರಿ ಮಂಗಳವಾರ ಮನೆ ನೋಡಲು ಬಂದಿದ್ದಳು. ಗಟ್ಟಿ ಹೆಂಗಸು. ದೋಣಿಯಲ್ಲಿ ಇರುವ ಯೋಚನೆ ನಿನಗಿತ್ತು ಎಂದು ಹೇಳಿದೆ.

"ದೋಣಿಲಾ? ಕನಸಲ್ಲಿ ಇರ್ಲಿ. ಎರಡು ವರ್ಷ ಈ ವಿಳಾಸ ಬಿಟ್ಟು ಒಂದು ರಾತ್ರಿ ಹೊರಗೆ ಮಲಗೋ ಹಾಗಿಲ್ಲ ಅವನು. ಮಲಗಿದ್ರೆ ವಾಪಸ್ ಒಳಗೆ. ನೀವು ಅದಕ್ಕೆ ಒಪ್ತೀರಾ?"

ಒಪ್ಪುತ್ತೇನೆ ಎಂದೆ.

"ಅವನಿಗೆ ಅಂತ ಬೇರೆ ಕೋಣೆ ಇದೆಯಾ?"

ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಬಾಗಿಲಲ್ಲೇ ನಿಂತು ಗೋಡೆಯನ್ನೂ, ಕಪಾಟನ್ನೂ, ಕಿಟಕಿಯ ಪರದೆಯನ್ನೂ ನೋಡಿದಳು. "ಇದನ್ನೆಲ್ಲ ಖಾಲಿ ಮಾಡ್ತೀರಾ?" ಎಂದು ಕೇಳಿದಳು. ಇಲ್ಲ, ಹೀಗೇ ಇರುತ್ತದೆ ಎಂದೆ. ಆಮೇಲೆ ಕಾಗದಕ್ಕೆ ಸಹಿ ಹಾಕಿದಳು.

ಕಾರ್ಲಾ ಏನು ಬರೆದಳು ಎಂದು ನಾಲ್ಕು ಸಲವೂ ಕೇಳಿದ್ದೀಯ. ಈಗ ಬರೆಯುವುದಿಲ್ಲ. ಊಟಕ್ಕೆ ಕೂತಾಗ ದಿನಕ್ಕೆ ಒಂದೊಂದು ಸಾಲು ಹೇಳುತ್ತೇನೆ, ನಮಗೆ ಬೇಕಾದಷ್ಟು ಸಮಯವಿದೆ. ಮೊದಲ ದಿನದ ಸಾಲು ಯಾವುದು ಎಂದು ಆರಿಸಿಟ್ಟಿದ್ದೇನೆ.

ಹನ್ನೊಂದರ ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಮುಂದೆ ಪಿಕಪ್ ನಿಲ್ಲಿಸಿಕೊಂಡು ಇರುತ್ತೇನೆ. ಕೋಣೆ ಗುಡಿಸಿದ್ದೇನೆ, ಹೊದಿಕೆ ಒಗೆದಿದ್ದೇನೆ. ಬ್ರಿನ್‌ಳ ಮಂಚ ಚಿಕ್ಕದು. ಕಾಲು ಮಡಚಿಕೊಂಡು ಮಲಗಬೇಕಾಗುತ್ತದೆ.

ನಿನ್ನ ತಮ್ಮ,
ಲೈಲ್